ಡೂಮ್ ಆಟವೂ ಅದರ ಲಾಂಚರೂ

1993ನೆಯ ಇಸವಿಯಲ್ಲಿ ಪ್ರಕಟವಾದ ಡೂಮ್ ಎಂಬ ಗುಂಡು ಹಾರಿಸುವ ಆಟವನ್ನು ಇಂದು ಆಡಬೇಕೆಂದು ಹೊರಟವನು ಮೊಟ್ಟಮೊದಲು ಎದುರಿಸತಕ್ಕ ವಿಚಿತ್ರವೇನೆಂದರೆ, ಆ ಆಟವೆಲ್ಲವನ್ನೂ ಒಳಗೊಂಡ ಒಂದೇ ವಸ್ತು ಅವನಿಗೆ ಕಾಣಸಿಗುವುದಿಲ್ಲ. ಆಟದ ದತ್ತಾಂಶ ಒಂದು ಕಡೆ ಇರುತ್ತದೆ. ಅದನ್ನು ಓದಿ ಪರದೆಯ ಮೇಲೆ ಮೂಡಿಸುವ ಎಂಜಿನ್ ಮತ್ತೊಂದು ಕಡೆ, ಅದೂ ಒಂದಲ್ಲ, ಹತ್ತಾರು. ಅಭಿಮಾನಿಗಳು ಈ ಮೂರು ದಶಕಗಳಲ್ಲಿ ರಚಿಸಿ ಹಂಚಿದ ನಕ್ಷೆಗಳೂ ಆಯುಧಗಳೂ ಸಂಗೀತವೂ ಸಹಸ್ರಗಟ್ಟಲೆ ಕಡತಗಳಾಗಿ ಇನ್ನೆಲ್ಲೆಲ್ಲೋ ಚದುರಿವೆ. ಇವುಗಳಲ್ಲಿ ಬೇಕಾದವನ್ನು ಆಯ್ದು, ಇಂಥದರ ಮೇಲೆ ಇಂಥದು ಎಂಬ ಕ್ರಮದಲ್ಲಿ ಜೋಡಿಸಿಟ್ಟು, ಆಟಗಾರನು ಗುಂಡಿಯನ್ನೊತ್ತಿದೊಡನೆ ಆಟವನ್ನು ಚಾಲನೆಗೊಳಿಸುವ ಪುಟ್ಟ ತಂತ್ರಾಂಶಕ್ಕೆ ಲಾಂಚರ್ ಎಂದು ಹೆಸರು. ಅದನ್ನು ಕಂಪ್ಯೂಟರಿನಲ್ಲಿ ನೆಲೆಗೊಳಿಸುವುದು ಕಷ್ಟದ ಕೆಲಸವೇನೂ ಅಲ್ಲ. ಆದರೆ ಅದು ಏಕೆ ಬೇಕಾಯಿತೆಂಬುದನ್ನು ಅರಿಯದೆ ಅದರ ಮುಂದೆ ಕುಳಿತವನಿಗೆ ಅಲ್ಲಿಯ ಒಂದೊಂದು ಚೌಕವೂ ಒಗಟಾಗಿ ತೋರುವುದರಿಂದ, ಮೊದಲು ಹಿಂದಿನ ಕಥೆಯನ್ನು ಹೇಳಿಬಿಡುವುದು ಮೇಲು.

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಡಲ್ಲಾಸ್ ನಗರಕ್ಕೆ ಹೊಂದಿಕೊಂಡಂತಿರುವ ಮೆಸ್ಕೀಟ್ ಎಂಬ ಊರಿನಲ್ಲಿ ಐಡಿ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆಯಿತ್ತು. ಎಂಜಿನ್ನಿನ ರಚನೆಯಲ್ಲಿ ಅಸಾಧಾರಣ ಪ್ರತಿಭೆಯಿದ್ದ ಜಾನ್ ಕಾರ್ಮ್ಯಾಕ್, ನಕ್ಷೆಗಳನ್ನೂ ಅವನ್ನು ಕಟ್ಟುವ ಸಾಧನಗಳನ್ನೂ ರೂಪಿಸಿದ ಜಾನ್ ರೊಮೆರೊ, ಚಿತ್ರಕಾರನಾದ ಏಡ್ರಿಯನ್ ಕಾರ್ಮ್ಯಾಕ್ (ಮನೆತನದ ಹೆಸರು ಒಂದೇ ಆದರೂ ಇಬ್ಬರಿಗೂ ಬಂಧುತ್ವವಿಲ್ಲ), ಇಂಥ ಕೆಲವೇ ಮಂದಿ ಸೇರಿ ನಡೆಸುತ್ತಿದ್ದ ಆ ಸಂಸ್ಥೆ 1992ರಲ್ಲಿ ವುಲ್ಫೆನ್‌ಸ್ಟೈನ್ 3ಡಿ ಎಂಬ ಆಟವನ್ನು ಹೊರತಂದಿತು. ಅದು ಜನಪ್ರಿಯವಾದ ಕೆಲವೇ ಕಾಲದಲ್ಲಿ ಕುತೂಹಲಿಗಳಾದ ಆಟಗಾರರು ಯಾರ ಅನುಮತಿಯನ್ನೂ ಕೇಳದೆ ಅದರ ಕಡತಗಳನ್ನು ಬಿಚ್ಚಿ, ನಕ್ಷೆಗಳನ್ನು ತಿದ್ದಿ, ಚಿತ್ರಗಳನ್ನು ಬದಲಿಸಿ, ತಮ್ಮದೇ ಆದ ರೂಪಾಂತರಗಳನ್ನು ಹಂಚತೊಡಗಿದರು. ಬೇರೊಬ್ಬ ವ್ಯಾಪಾರಿಯಾಗಿದ್ದರೆ ವಕೀಲರ ಬಳಿಗೆ ಹೋಗುತ್ತಿದ್ದನೇನೋ. ಜಾನ್ ಕಾರ್ಮ್ಯಾಕನಿಗೂ ರೊಮೆರೊನಿಗೂ ಅದು ಸಂತೋಷದ ಸಂಗತಿಯಾಗಿ ತೋರಿತು. ಮುಂದಿನ ಆಟವನ್ನು ಕಟ್ಟುವಾಗ, ತಿದ್ದಬಯಸುವವರು ಬೀಗ ಮುರಿದು ಒಳಹೊಕ್ಕುವ ಅಗತ್ಯವೇ ಇರದಂತೆ, ಎಂಜಿನ್ನನ್ನೂ ದತ್ತಾಂಶವನ್ನೂ ಅವರು ಸಂಪೂರ್ಣವಾಗಿ ಬೇರ್ಪಡಿಸಿದರು.

ಆ ಮುಂದಿನ ಆಟವೇ ಡೂಮ್. 1993ರ ಡಿಸೆಂಬರ್ 10ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸರ್ವರಿನ ಮೂಲಕ ಅದು ಲೋಕಕ್ಕೆ ಬಿಡುಗಡೆಯಾಯಿತು. ಅಲ್ಲಿ ಕಾದು ನಿಂತವರ ಸಂದಣಿ ಎಷ್ಟಿತ್ತೆಂದರೆ ಆಟದ ಕಡತವನ್ನು ಏರಿಸಲು ಕರ್ತೃಗಳಿಗೇ ಜಾಗ ಸಿಕ್ಕದಂತಾಯಿತು. ಮೂರು ಪರ್ವಗಳುಳ್ಳ ಆ ಆಟದಲ್ಲಿ ಒಂಬತ್ತು ನಕ್ಷೆಗಳ ಮೊದಲನೆಯ ಪರ್ವವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಿತ್ತು, ನೆರೆಯವರಿಗೆ ಕೊಡಬಹುದಿತ್ತು. ಉಳಿದೆರಡಕ್ಕೆ ಹಣ ತೆರಬೇಕಾಗಿತ್ತು.

ದತ್ತಾಂಶವೆಲ್ಲವನ್ನೂ ತುಂಬಿಟ್ಟ ಕಡತಕ್ಕೆ ವ್ಯಾಡ್ ಎಂದು ಹೆಸರಾಯಿತು. ಅದರ ರಚನೆಯ ಸರಳತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಲಾಂಚರಿನ ಸಕಲ ವ್ಯವಹಾರವೂ ಇದರಿಂದಲೇ ಹುಟ್ಟಿದುದು. ಕಡತದ ಮೊದಲ ಹನ್ನೆರಡು ಬೈಟುಗಳು ಪೀಠಿಕೆ: ಅವುಗಳಲ್ಲಿ ಮೊದಲ ನಾಲ್ಕು ಆ ಕಡತ ಯಾವ ಜಾತಿಯದೆಂಬುದನ್ನು ಸಾರುವ ನಾಲ್ಕು ಅಕ್ಷರಗಳು, ನಂತರದ ನಾಲ್ಕು ಒಳಗೆಷ್ಟು ತುಣುಕುಗಳಿವೆಯೆಂಬ ಸಂಖ್ಯೆ, ಕೊನೆಯ ನಾಲ್ಕು ಆ ತುಣುಕುಗಳ ಅನುಕ್ರಮಣಿಕೆ ಎಲ್ಲಿದೆಯೆಂಬ ಸೂಚನೆ. ಅನುಕ್ರಮಣಿಕೆಯಲ್ಲಿ ಒಂದೊಂದು ತುಣುಕಿಗೂ ಹದಿನಾರು ಬೈಟುಗಳ ಒಂದು ಸಾಲು. ಅದು ಎಲ್ಲಿದೆ, ಎಷ್ಟು ದೊಡ್ಡದು, ಎಂಟು ಅಕ್ಷರಗಳನ್ನು ಮೀರದ ಅದರ ಹೆಸರೇನು ಎಂಬಿಷ್ಟೇ ಅಲ್ಲಿರುವುದು. ಗೋಡೆಯ ಚಿತ್ರವಾಗಲಿ ರಾಕ್ಷಸನ ಗರ್ಜನೆಯಾಗಲಿ ನಕ್ಷೆಯ ಗೆರೆಗಳಾಗಲಿ, ಎಂಜಿನ್ನು ಕೇಳುವುದು ಹೆಸರನ್ನು ಮಾತ್ರ. ಈಗ ಆ ಹೆಸರಿನ ಮತ್ತೊಂದು ತುಣುಕನ್ನು ಬೇರೊಂದು ಪುಟ್ಟ ವ್ಯಾಡಿನಲ್ಲಿಟ್ಟು ಎಂಜಿನ್ನಿಗೆ ತರುವಾಯ ಒಪ್ಪಿಸಿದರೆ, ಅದು ಮೊದಲಿನದನ್ನು ಬಿಟ್ಟು ನಂತರದ್ದನ್ನು ಹಿಡಿಯುತ್ತದೆ. ಮೂಲ ಕಡತದ ಒಂದು ಅಕ್ಷರವೂ ಅಳಿಸಿಹೋಗುವುದಿಲ್ಲ. ಆದರೂ ಆಟ ಬೇರೆಯಾಗುತ್ತದೆ. ಮೂಲ ದತ್ತಾಂಶಕ್ಕೆ ಐವ್ಯಾಡ್ ಎಂದೂ, ಅದರ ಮೇಲೆ ಹೊದಿಸುವ ಪೂರಕಕ್ಕೆ ಪಿವ್ಯಾಡ್ ಎಂದೂ ಕರೆಯುವ ರೂಢಿ ಅಂದಿನಿಂದ ಬಂದಿದೆ.

ಇದಾದ ನಾಲ್ಕು ವರ್ಷಕ್ಕೆ, 1997ರ ಡಿಸೆಂಬರ್ 23ರಂದು, ಕಾರ್ಮ್ಯಾಕ್ ಎಂಜಿನ್ನಿನ ಸೋರ್ಸ್ ಕೋಡನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟ. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಗಾಗಿ ರಚಿಸಿದ ಮೂಲ ಆವೃತ್ತಿಯಲ್ಲಿ ಬಳಸಿದ್ದ ಧ್ವನಿಯ ಭಾಗ ಪರರ ಸ್ವತ್ತಾಗಿದ್ದುದರಿಂದ ಹೊರಬಂದದ್ದು ಲಿನಕ್ಸ್ ಆವೃತ್ತಿಯ ಕೋಡು. 1999ರಲ್ಲಿ ಅದಕ್ಕೆ ಜಿಪಿಎಲ್ ಪರವಾನಗಿಯೂ ದೊರೆತ ಮೇಲೆ, ಯಾರು ಬೇಕಾದರೂ ಅದನ್ನು ತಿದ್ದಿ ಬೆಳೆಸಿ ಹಂಚಲು ಅಡ್ಡಿಯೇ ಇಲ್ಲವಾಯಿತು. ಹೀಗೆ ಬೆಳೆದ ಎಂಜಿನ್ನುಗಳನ್ನು ಸೋರ್ಸ್ ಪೋರ್ಟ್ ಎನ್ನುತ್ತಾರೆ. ಒಂದೇ ಕಾವ್ಯವನ್ನು ಬೇರೆ ಬೇರೆ ಗಮಕಿಗಳು ವಾಚಿಸುವ ಪರಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ: ಐವ್ಯಾಡ್ ಎಂಬುದು ಕಾವ್ಯದ ಪಾಠ, ಎಂಜಿನ್ ಎಂಬುದು ಗಮಕಿ, ಪಿವ್ಯಾಡ್ ಎಂಬುದು ಯಾರೋ ತಮ್ಮ ಪ್ರತಿಭೆಯಿಂದ ನಡುವೆ ಸೇರಿಸಿದ ಪ್ರಕ್ಷಿಪ್ತ ಭಾಗ. ಗಮಕಿಗಳಲ್ಲಿ ಸಂಪ್ರದಾಯನಿಷ್ಠರುಂಟು, ಸ್ವಚ್ಛಂದರುಂಟು. 2005ರಲ್ಲಿ ಮೊದಲಾದ ಚಾಕೊಲೇಟ್ ಡೂಮ್ ಎಂಬ ಎಂಜಿನ್ ಮೂಲ ಡಾಸ್ ಆಟದ ನಡೆನುಡಿಯನ್ನು ಅದರ ದೋಷಗಳ ಸಮೇತ ಹಾಗೆಯೇ ಉಳಿಸಿಕೊಳ್ಳಬೇಕೆಂಬ ವ್ರತ ತೊಟ್ಟದ್ದು. ಅಡ್ಡಲಾಗಿ 320, ಉದ್ದಕ್ಕೆ 200 ಚುಕ್ಕೆಗಳ ಆ ಹಳೆಯ ಒರಟು ಚಿತ್ರವೇ ಅದಕ್ಕೆ ಪ್ರಿಯ. ಜಿಝಡ್‌ಡೂಮ್ ಇದಕ್ಕೆ ತದ್ವಿರುದ್ಧವಾದುದು: ಹೊಸ ಬೆಳಕು, ಹೊಸ ವೇಗ, ಮೇಲೆ ಕೆಳಗೆ ನೋಡುವ ಸೌಲಭ್ಯ, ಆಟದ ನಿಯಮಗಳನ್ನೇ ಮಾರ್ಪಡಿಸಬಲ್ಲ ಲಿಪಿಭಾಷೆ ಎಲ್ಲವೂ ಅದರಲ್ಲಿವೆ. ಡಿಎಸ್‌ಡಿಎ ಡೂಮ್, ವೂಫ್, ಕ್ರಿಸ್ಪಿ ಡೂಮ್ ಮೊದಲಾದವು ಈ ಎರಡರ ಮಧ್ಯದಲ್ಲಿ ತಮ್ಮ ತಮ್ಮ ನೆಲೆಯನ್ನು ಕಂಡುಕೊಂಡಿವೆ.

ಹೀಗೆ ಎಂಜಿನ್ನುಗಳೂ ಪೂರಕಗಳೂ ಬೆಳೆಯುತ್ತ ಹೋದಂತೆ ಆಟವನ್ನು ಆರಂಭಿಸುವುದೇ ಒಂದು ವಿದ್ಯೆಯಾಯಿತು. ಎಂಜಿನ್ನಿಗೆ ನಮ್ಮ ಇಷ್ಟವನ್ನು ತಿಳಿಸುವ ಮೂಲ ವಿಧಾನವೆಂದರೆ ಆಜ್ಞಾಪಂಕ್ತಿ, ಎಂದರೆ ಕಪ್ಪು ಪರದೆಯ ಮೇಲೆ ಬೆರಳಚ್ಚಿಸುವ ಒಂದು ಸಾಲು. ಮೊದಲು ಎಂಜಿನ್ನಿನ ಹೆಸರು. ಆಮೇಲೆ ಅಡ್ಡಗೆರೆ ಹಾಕಿ ‘ಐವ್ಯಾಡ್’ ಎಂಬ ಪದವೂ ಮೂಲ ಕಡತದ ಹೆಸರೂ. ಮತ್ತೆ ಅಡ್ಡಗೆರೆ ಹಾಕಿ ‘ಫೈಲ್’ ಎಂಬ ಪದವೂ ಪೂರಕಗಳ ಹೆಸರುಗಳೂ. ಬೇಕಿದ್ದರೆ ‘ಸ್ಕಿಲ್’ ಎಂದು ಕಾಠಿಣ್ಯದ ಅಂಕಿ, ‘ವಾರ್ಪ್’ ಎಂದು ನಕ್ಷೆಯ ಅಂಕಿ. ಒಂದು ಚುಕ್ಕೆ ತಪ್ಪಿದರೆ, ಫೋಲ್ಡರಿನ ಹೆಸರಿನಲ್ಲಿ ಒಂದು ಖಾಲಿ ಜಾಗವಿದ್ದು ಅದಕ್ಕೆ ಉದ್ಧರಣಚಿಹ್ನೆ ಹಾಕದಿದ್ದರೆ, ಆ ಸಾಲೆಲ್ಲ ವ್ಯರ್ಥ. ಡಾಸ್ ಕಾಲದಲ್ಲಿಯೇ ಆಟದೊಡನೆ ಸೆಟಪ್ ಎಂಬ ಸಹಾಯಕ ಪ್ರೋಗ್ರಾಮೊಂದು ಬರುತ್ತಿತ್ತು. ಧ್ವನಿಯ ಕಾರ್ಡು ಯಾವುದು, ಕೀಲಿಮಣೆಯೋ ಮೌಸೋ, ಒಬ್ಬರೇ ಆಡುವುದೋ ಜಾಲದ ಮೂಲಕ ಹಲವರೋ ಎಂಬುದನ್ನೆಲ್ಲ ಕೇಳಿ ಬರೆದಿಟ್ಟುಕೊಂಡು ಕೊನೆಗೆ ಅದೇ ಆಟವನ್ನು ಆರಂಭಿಸುತ್ತಿತ್ತು. ಇಂದಿನ ಲಾಂಚರುಗಳಿಗೆ ಅದೇ ಪೂರ್ವಜ. ಇಂದಿನವೂ ಮಾಡುವುದು ಇಷ್ಟೇ: ನಾವು ಚೌಕಗಳಲ್ಲಿ ಆಯ್ದದ್ದನ್ನು ನೋಡಿ ಆ ಆಜ್ಞೆಯ ಸಾಲನ್ನು ತಪ್ಪಿಲ್ಲದಂತೆ ಬರೆದು ಎಂಜಿನ್ನಿಗೆ ಒಪ್ಪಿಸುವುದು. ಲಾಂಚರು ತಾನಾಗಿ ಆಟವನ್ನು ಆಡಿಸುವುದಿಲ್ಲ, ಚೆನ್ನಾಗಿಸುವುದಿಲ್ಲ, ಕೆಡಿಸುವುದೂ ಇಲ್ಲ. ಆಟ ನಡೆಯಲಿಲ್ಲವೆಂದು ಅದನ್ನು ಶಪಿಸಿ ಒಂದಾದ ಮೇಲೊಂದು ಲಾಂಚರನ್ನು ಬದಲಿಸುತ್ತ ಹೋಗುವವರನ್ನು ಕಂಡಾಗ, ಲಿಪಿಕಾರನ ಮೇಲೆ ಕವಿಯ ದೋಷವನ್ನು ಹೊರಿಸುವವರ ನೆನಪಾಗುತ್ತದೆ.

ಈಗ ಬಳಕೆಯಲ್ಲಿರುವ ಲಾಂಚರುಗಳಲ್ಲಿ ಮೂರರ ಹೆಸರು ಹೇಳಿದರೆ ಸಾಕು. ಝಡ್‌ಡಿಎಲ್ ಎಂಬುದು ಬಹು ಹಳೆಯದು. ಅಲಂಕಾರವಿಲ್ಲದ ಒಂದು ಕಿಟಕಿ, ಕಡತಗಳ ಪಟ್ಟಿ, ಅವನ್ನು ಮೇಲಕ್ಕೂ ಕೆಳಕ್ಕೂ ಸರಿಸುವ ಬಾಣಗಳು, ಇಷ್ಟೇ ಅದರ ಸಂಪತ್ತು. ಡೂಮ್ ಲಾಂಚರ್ ಎಂಬುದು ವಿಂಡೋಸಿನದು. ಅದು ಗ್ರಂಥಭಂಡಾರದ ಸ್ವಭಾವದ್ದು, ನಾವು ಸಂಗ್ರಹಿಸಿದ ಪೂರಕಗಳನ್ನೆಲ್ಲ ತನ್ನ ಭಂಡಾರದಲ್ಲಿ ಇರಿಸಿಕೊಂಡು ಯಾವುದನ್ನು ಎಂದು ಆಡಿದೆವೆಂಬ ಲೆಕ್ಕವನ್ನೂ ಇಡುತ್ತದೆ. ನೂರಾರು ಕಡತಗಳನ್ನು ಕೂಡಿಹಾಕುವ ಚಟವಿರುವವರಿಗೆ ಅದು ತಕ್ಕದ್ದು. ಮೂರನೆಯದಾದ ಡೂಮ್ ರನ್ನರ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುವಂಥದು, ಮತ್ತು ಹೊಸಬನಿಗೆ ನಾನು ಸೂಚಿಸುವುದು ಇದನ್ನೇ. ಅದರ ಒಂದು ಗುಣವನ್ನು ಮುಂದೆ ಹೇಳುತ್ತೇನೆ.

ಸ್ಥಾಪನೆಯ ಕೆಲಸ ನಿಜವಾಗಿ ಮೊದಲಾಗುವುದು ಲಾಂಚರಿನಿಂದಲ್ಲ, ಫೋಲ್ಡರುಗಳಿಂದ. ಕಂಪ್ಯೂಟರಿನಲ್ಲಿ ಡೂಮ್ ಎಂಬ ಒಂದು ಫೋಲ್ಡರನ್ನು ಮಾಡಿ, ಅದರೊಳಗೆ ಎಂಜಿನ್ನುಗಳಿಗೊಂದು, ಐವ್ಯಾಡುಗಳಿಗೊಂದು, ನಕ್ಷೆಗಳಿಗೊಂದು, ಆಯುಧ ಮೊದಲಾದವನ್ನು ಮಾರ್ಪಡಿಸುವ ಮಾಡ್‌ಗಳಿಗೊಂದು ಎಂದು ನಾಲ್ಕು ಒಳಫೋಲ್ಡರುಗಳನ್ನು ಮಾಡತಕ್ಕದ್ದು. ಹೆಸರುಗಳನ್ನು ಕನ್ನಡದಲ್ಲಿಯೇ ಇಡಬೇಕೆಂಬ ಅಭಿಮಾನ ಸಹಜವಾದರೂ, ಹಳೆಯ ಕೋಡಿನಿಂದ ಬೆಳೆದ ಕೆಲವು ಸಾಧನಗಳು ರೋಮನ್ನಲ್ಲದ ಲಿಪಿಯ ಹಾದಿಯಲ್ಲಿ ಎಡವುತ್ತವಾದ್ದರಿಂದ ಇಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಕ್ಷೇಮ. ಖಾಲಿ ಜಾಗವನ್ನೂ ಬಿಡದಿರುವುದು ಒಳ್ಳೆಯದು. ವಿಂಡೋಸಿನ ಪ್ರೋಗ್ರಾಂ ಫೈಲ್ಸ್ ಎಂಬ ರಕ್ಷಿತ ಫೋಲ್ಡರಿನಲ್ಲಿ ಇವನ್ನು ಇಡಬಾರದು, ಏಕೆಂದರೆ ಎಂಜಿನ್ನು ತನ್ನ ಪಕ್ಕದಲ್ಲಿಯೇ ತನ್ನ ವಿನ್ಯಾಸವನ್ನು ಬರೆದಿಡಲು ಹೋದಾಗ ಅಲ್ಲಿ ಅನುಮತಿ ಸಿಕ್ಕುವುದಿಲ್ಲ.

ಎಂಜಿನ್ನುಗಳು ಉಚಿತ. ಐವ್ಯಾಡ್ ಮಾತ್ರ ಹಾಗಲ್ಲ: ಸೋರ್ಸ್ ಕೋಡು ಸ್ವತಂತ್ರವಾದರೂ ಚಿತ್ರ, ನಕ್ಷೆ, ಸಂಗೀತಗಳ ಹಕ್ಕು ಇಂದಿಗೂ ಮಾಲಿಕರದೇ. ಸ್ಟೀಮ್ ಅಥವಾ ಗಾಗ್ ಅಂಗಡಿಗಳಲ್ಲಿ ಡೂಮ್ ಮತ್ತು ಡೂಮ್ 2 ಎರಡೂ ಒಟ್ಟಾಗಿ ಮಾರಾಟಕ್ಕಿವೆ. ಕೊಂಡ ಮೇಲೆ ಆಟದ ಫೋಲ್ಡರಿನೊಳಗೆ ಹುಡುಕಿ, ವ್ಯಾಡ್ ಎಂಬ ಬಾಲವುಳ್ಳ ಮೂಲ ಕಡತಗಳನ್ನು ನಮ್ಮ ಐವ್ಯಾಡ್ ಫೋಲ್ಡರಿಗೆ ನಕಲಿಸಿಕೊಳ್ಳಬೇಕು. 1995ರ ಅಲ್ಟಿಮೇಟ್ ಡೂಮಿನಲ್ಲಿ ಮೂರು ಪರ್ವಗಳ ಜೊತೆಗೆ ನಾಲ್ಕನೆಯದೂ ಉಂಟು. 1994ರ ಡೂಮ್ 2ರಲ್ಲಿ ಪರ್ವಗಳಿಲ್ಲ, ಸಾಲಾಗಿ ಮೂವತ್ತು ನಕ್ಷೆಗಳೂ ಗುಪ್ತವಾದ ಮತ್ತೆರಡೂ ಇವೆ. ಹಣ ಕೊಡುವ ಮನಸ್ಸಿಲ್ಲದವರಿಗೆ, ಕೊಟ್ಟು ನೋಡುವ ಮೊದಲು ರುಚಿ ನೋಡಬೇಕೆನ್ನುವವರಿಗೆ, ಫ್ರೀಡೂಮ್ ಎಂಬ ಮಾರ್ಗವಿದೆ. ಮೂಲದ ಒಂದೊಂದು ಚಿತ್ರಕ್ಕೂ ಧ್ವನಿಗೂ ನಕ್ಷೆಗೂ ಬದಲಾಗಿ ಸ್ವಯಂಸೇವಕರು ಹೊಸದನ್ನೇ ರಚಿಸಿ ಸಿದ್ಧಪಡಿಸಿದ, ಯಾರಿಗೂ ಋಣವಿಲ್ಲದ ಐವ್ಯಾಡ್ ಅದು. ಅದರ ಮೊದಲನೆಯ ಭಾಗ ಡೂಮಿನ ಸ್ಥಾನದಲ್ಲಿಯೂ ಎರಡನೆಯ ಭಾಗ ಡೂಮ್ 2ರ ಸ್ಥಾನದಲ್ಲಿಯೂ ನಿಲ್ಲುತ್ತವೆ. ಅದರ ರಾಕ್ಷಸರು ಮೂಲದವರಷ್ಟು ಮನಸ್ಸಿನಲ್ಲಿ ನಿಲ್ಲುವವರಲ್ಲವೆಂಬುದು ನಿಜ. ಉಚಿತವಾಗಿ ಬಂದುದರಲ್ಲಿ ಇದನ್ನೊಂದು ಕೊರತೆಯೆಂದು ಎಣಿಸಬೇಕಾಗಿಲ್ಲ.

ಇಷ್ಟಾದ ಮೇಲೆ ಲಾಂಚರನ್ನು ತೆರೆದರೆ, ಮೊದಲ ಸಲ ಅದು ಕೇಳುವುದು ಈ ಫೋಲ್ಡರುಗಳ ವಿಳಾಸವನ್ನೇ. ಎಂಜಿನ್ನಿನ ಪಟ್ಟಿಗೆ ಚಾಲನೆಯ ಕಡತವನ್ನು, ಐವ್ಯಾಡಿನ ಪಟ್ಟಿಗೆ ಮೂಲ ದತ್ತಾಂಶವನ್ನು ತೋರಿಸಿ, ನಕ್ಷೆ ಮತ್ತು ಮಾಡ್‌ಗಳ ಫೋಲ್ಡರುಗಳನ್ನೂ ಸೂಚಿಸಿದರೆ ಸ್ಥಾಪನೆ ಮುಗಿಯಿತು. ಆಮೇಲೆ ಮುಖ್ಯ ಕಿಟಕಿಯಲ್ಲಿ ಎಂಜಿನ್ ಒಂದನ್ನು, ಐವ್ಯಾಡ್ ಒಂದನ್ನು ಆಯ್ದು ಲಾಂಚ್ ಎಂಬ ಗುಂಡಿಯನ್ನೊತ್ತಿದರೆ ಆಟ ತೆರೆದುಕೊಳ್ಳಬೇಕು. ಇಲ್ಲಿ ಪೂರಕಗಳ ಪಟ್ಟಿ ಖಾಲಿಯಾಗಿರಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಶುದ್ಧ ಪಾಠ ನಡೆಯುವುದೆಂದು ಖಚಿತವಾಗುವ ಮುನ್ನವೇ ಮೇಲೆ ಐದಾರು ಮಾಡ್‌ಗಳನ್ನು ಪೇರಿಸಿದವನಿಗೆ, ಏನಾದರೂ ಕೆಟ್ಟಾಗ, ಕೆಟ್ಟದ್ದು ಯಾವುದೆಂದು ಹೇಳಲು ಯಾವ ಪಂಡಿತನಿಗೂ ಸಾಧ್ಯವಾಗದು.

ಹಿಂದೆ ಹೇಳಿದ ಡೂಮ್ ರನ್ನರಿನ ಗುಣವೇನೆಂದರೆ, ನಾವು ಆಯ್ಕೆಗಳನ್ನು ಬದಲಿಸಿದಂತೆಲ್ಲ ಅದು ರಚಿಸುತ್ತಿರುವ ಆಜ್ಞೆಯ ಸಾಲನ್ನು ಕಿಟಕಿಯ ಕೆಳತುದಿಯಲ್ಲಿ ನಮಗೆ ಕಾಣುವಂತೆ ಬರೆದು ತೋರಿಸುತ್ತದೆ. ಮೊದಮೊದಲು ಆ ಸಾಲಿನತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ಆದರೆ ಒಂದು ವಾರ ಅದನ್ನು ಓದಿಕೊಂಡು ಆಡಿದವನಿಗೆ ಎಂಜಿನ್ನಿನ ಭಾಷೆ ತಾನಾಗಿಯೇ ಬಂದಿರುತ್ತದೆ. ತನ್ನ ಕೆಲಸವನ್ನು ಮುಚ್ಚಿಡದೆ ತೋರಿಸುತ್ತ ತನ್ನ ಅಗತ್ಯವನ್ನೇ ಕ್ರಮೇಣ ಕಡಿಮೆಮಾಡಿಕೊಳ್ಳುವ ಉಪಕರಣಗಳು ಈ ಕಾಲದಲ್ಲಿ ಅಪರೂಪ.

ಪೂರಕಗಳನ್ನು ಸೇರಿಸುವ ಘಟ್ಟದಲ್ಲಿ ಹೊಸಬರು ಕಷ್ಟಪಡುವುದು ಎರಡು ಕಡೆ. ಒಂದು, ಯಾವ ಪೂರಕ ಯಾವ ಐವ್ಯಾಡಿನ ಮೇಲೆ ನಿಲ್ಲತಕ್ಕದ್ದೆಂಬುದು. ರೊಮೆರೊ 2019ರಲ್ಲಿ ಸಿಜಿಲ್ ಎಂಬ ಹೊಸ ಪರ್ವವನ್ನು ರಚಿಸಿ ಉಚಿತವಾಗಿ ಹಂಚಿದನಷ್ಟೆ. ಅದು ಅಲ್ಟಿಮೇಟ್ ಡೂಮಿನ ಐದನೆಯ ಪರ್ವವಾಗುವಂತೆ ಕಲ್ಪಿತವಾದುದು; ಅದರ ನಕ್ಷೆಗಳ ಹೆಸರುಗಳು ‘ಐದನೆಯ ಪರ್ವದ ಮೊದಲನೆಯ ನಕ್ಷೆ’ ಎಂಬರ್ಥ ಕೊಡುವ ನಾಲ್ಕಕ್ಷರದ ಸಂಕೇತದಿಂದ ಆರಂಭವಾಗುತ್ತವೆ. ಡೂಮ್ 2ರಲ್ಲಾದರೋ ಪರ್ವಗಳೇ ಇಲ್ಲ. ಅಲ್ಲಿಯ ನಕ್ಷೆಗಳಿಗೆ ‘ಮ್ಯಾಪ್’ ಎಂಬ ಪದವೂ ಎರಡಂಕಿಯ ಸಂಖ್ಯೆಯೂ ಸೇರಿ ಹೆಸರಾಗಿದೆ. ಈಗ ಲಾಂಚರಿನಲ್ಲಿ ಡೂಮ್ 2ನ್ನು ಆಯ್ದು ಅದರ ಮೇಲೆ ಸಿಜಿಲನ್ನು ಹೊದಿಸಿದರೆ ಏನಾಗುತ್ತದೆ? ಎಂಜಿನ್ ದೂರುವುದಿಲ್ಲ, ಕಡತವನ್ನು ವಿಧೇಯವಾಗಿ ಓದಿಕೊಳ್ಳುತ್ತದೆ, ತನಗೆ ಬೇಕಾದ ಹೆಸರು ಅದರಲ್ಲಿ ಕಾಣದ್ದರಿಂದ ಡೂಮ್ 2ರ ಹಳೆಯ ಮೊದಲ ನಕ್ಷೆಯನ್ನೇ ತೆರೆಯುತ್ತದೆ. ಆಟಗಾರ ಪೂರಕವೇ ಕೆಟ್ಟಿದೆಯೆಂದು ನಿರ್ಣಯಿಸುತ್ತಾನೆ. ಐದನೆಯ ಪರ್ವವೆಂಬ ಕಲ್ಪನೆಯೇ ಇಲ್ಲದ ಹಳೆಯ ಮಾದರಿಯ ಎಂಜಿನ್ನುಗಳಿಗಾಗಿ, ಮೂರನೆಯ ಪರ್ವದ ಜಾಗದಲ್ಲಿ ಕೂರುವ ಇನ್ನೊಂದು ಪ್ರತಿಯನ್ನೂ ರೊಮೆರೊ ಅದರೊಡನೆಯೇ ಕೊಟ್ಟಿದ್ದಾನೆ; ಎರಡನ್ನೂ ಒಟ್ಟಿಗೆ ಹಾಕಬಾರದು.

ಅದೇ ಕರ್ತೃವಿನ ಇನ್ನೊಂದು ಕೃತಿಯಿಂದ ‘ವಾರ್ಪ್’ ಎಂಬ ಆಯ್ಕೆಯ ಪ್ರಯೋಜನ ತಿಳಿಯುತ್ತದೆ. 2016ರಲ್ಲಿ ಆತ ಟೆಕ್ ಗಾನ್ ಬ್ಯಾಡ್ ಎಂಬ ಒಂದೇ ನಕ್ಷೆಯನ್ನು ಪ್ರಕಟಿಸಿದ. ಅದು ಮೊದಲನೆಯ ಪರ್ವದ ಎಂಟನೆಯ ನಕ್ಷೆಯ ಸ್ಥಾನವನ್ನು ಆಕ್ರಮಿಸತಕ್ಕದ್ದು. ಇದನ್ನು ಸೇರಿಸಿ ಸುಮ್ಮನೆ ಆಟ ಆರಂಭಿಸಿದರೆ ಎದುರಾಗುವುದು ಹ್ಯಾಂಗರ್ ಎಂಬ ಚಿರಪರಿಚಿತ ಮೊದಲ ನಕ್ಷೆ. ಏಳನ್ನು ದಾಟಿದ ಮೇಲಲ್ಲವೆ ಎಂಟನೆಯದು ಬರುವುದು? ಲಾಂಚರಿನಲ್ಲಿ ನಕ್ಷೆಯ ಆಯ್ಕೆಯ ಚೌಕವನ್ನು ಬಿಚ್ಚಿ ಮೊದಲ ಪರ್ವದ ಎಂಟನೆಯದನ್ನು ಗುರುತಿಸಿದರೆ ನೇರವಾಗಿ ಅಲ್ಲಿಗೇ ಹೋಗಬಹುದು. ಜೊತೆಗೆ ಕಾಠಿಣ್ಯವನ್ನೂ ಅಲ್ಲಿಯೇ ಆಯ್ದುಕೊಳ್ಳಬೇಕು. ಐದು ಮಟ್ಟಗಳಿವೆ, ಐದನೆಯದಾದ ನೈಟ್‌ಮೇರ್‌ನಲ್ಲಿ ಸತ್ತ ರಾಕ್ಷಸರು ಮತ್ತೆ ಎದ್ದು ಬರುವರಾದ್ದರಿಂದ, ಅದು ಸಾಮಾನ್ಯರ ಮನರಂಜನೆಗಲ್ಲ.

ಹೊಸಬರು ತೊಡಕುವ ಇನ್ನೊಂದು ಕಡೆ ಕ್ರಮಕ್ಕೆ ಸಂಬಂಧಿಸಿದ್ದು. ಒಂದೇ ಹೆಸರಿನ ತುಣುಕು ಎರಡು ಪೂರಕಗಳಲ್ಲಿದ್ದರೆ ಗೆಲ್ಲುವುದು ಪಟ್ಟಿಯಲ್ಲಿ ಕೆಳಗಿರುವುದು, ಎಂದರೆ ಕಡೆಗೆ ಓದಲ್ಪಟ್ಟದ್ದು. ನಕ್ಷೆಗಳ ಸಮೂಹವೊಂದು ತನ್ನದೇ ಆದ ಹೊಸ ಆಕಾಶದ ಚಿತ್ರವನ್ನು ತಂದಿರಬಹುದು. ಆಯುಧಗಳ ಮಾಡ್ ಕೂಡ ಅದೇ ಹೆಸರಿನ ಚಿತ್ರವನ್ನು ತಂದಿರಬಹುದು. ಯಾರ ಆಕಾಶ ಉಳಿಯಬೇಕೆಂಬುದನ್ನು ನಿರ್ಧರಿಸುವುದು ಪಟ್ಟಿಯ ಪಕ್ಕದಲ್ಲಿರುವ ಮೇಲೆ-ಕೆಳಗೆ ಎಂಬ ಆ ಎರಡು ಬಾಣಗಳೇ. ಸಾಮಾನ್ಯವಾಗಿ ನಕ್ಷೆ ಮೊದಲು, ಆಯುಧ ರಾಕ್ಷಸಾದಿಗಳ ಮಾಡ್ ಆಮೇಲೆ, ಸಣ್ಣಪುಟ್ಟ ಅಲಂಕಾರಗಳು ಕಟ್ಟಕಡೆಗೆ ಎಂಬ ಪದ್ಧತಿ ಹಿಡಿಸುತ್ತದೆ. ಆದರೂ ಆಯಾ ಪೂರಕದೊಡನೆ ಬರುವ ಟಿಪ್ಪಣಿಯ ಕಡತದಲ್ಲಿ ಕರ್ತೃ ಬೇರೆ ರೀತಿ ಹೇಳಿದ್ದರೆ ಅವನ ಮಾತೇ ಪ್ರಮಾಣ. ಪಿಕೆ3 ಎಂಬ ಬಾಲವುಳ್ಳ ಕಡತಗಳು ನಿಜದಲ್ಲಿ ಜಿಪ್ ಕಡತಗಳೇ ಆದರೂ ಅವನ್ನು ಬಿಚ್ಚದೆ ಹಾಗೆಯೇ ಪಟ್ಟಿಗೆ ಸೇರಿಸಬೇಕು. ವ್ಯಾಡ್ ಕಡತ ಜಿಪ್ಪಿನೊಳಗೆ ಬಂದಿದ್ದರೆ ಹೊರತೆಗೆಯಬೇಕು.

ಟಿಪ್ಪಣಿಯ ಕಡತವನ್ನು ಓದದೆ ಬಿಸಾಡುವುದು ಸಾರ್ವತ್ರಿಕವಾದ ಅಭ್ಯಾಸ. ಆದರೆ ಯಾವ ಎಂಜಿನ್ನನ್ನು ಆಯಬೇಕೆಂಬ ಪ್ರಶ್ನೆಗೆ ಉತ್ತರವಿರುವುದು ಅಲ್ಲಿಯೇ. ಮೂಲ ಎಂಜಿನ್ನಿಗೆ ಕಟ್ಟುನಿಟ್ಟಾದ ಮಿತಿಗಳಿದ್ದವು: ನೆಲ, ಸೂರುಗಳ ಸಮತಲಗಳು ಒಂದೇ ನೋಟದಲ್ಲಿ 128ನ್ನು ಮೀರಿದರೆ ಅದು ಕ್ಷಮಾಪಣೆಯನ್ನೂ ಕೇಳದೆ ನಿಂತುಹೋಗುತ್ತಿತ್ತು. 1998ರಲ್ಲಿ ಬಂದ ಬೂಮ್ ಎಂಬ ಎಂಜಿನ್ ಇಂಥ ಮಿತಿಗಳನ್ನು ಕಿತ್ತೊಗೆದು ನಕ್ಷೆಗಾರರಿಗೆ ಹೊಸ ಸೌಲಭ್ಯಗಳನ್ನೂ ಕೊಟ್ಟಿತು. ಅನಂತರ ಎಂಬಿಎಫ್, ಇತ್ತೀಚೆಗೆ ಎಂಬಿಎಫ್21 ಎಂಬ ಮಾನದಂಡಗಳು ಬಂದವು. ಬೂಮ್‌ಗಾಗಿ ರಚಿಸಿದ ನಕ್ಷೆಯನ್ನು ಚಾಕೊಲೇಟ್ ಡೂಮಿನ ಕೈಗೆ ಕೊಟ್ಟರೆ ಅದು ಕುಸಿಯುವುದು ಸಹಜ. 2023ರಲ್ಲಿ ಬಹಳ ಸದ್ದುಮಾಡಿದ ಮೈಹೌಸ್ ಎಂಬ ವಿಲಕ್ಷಣ ಕೃತಿಗಾದರೋ ಜಿಝಡ್‌ಡೂಮೇ ಬೇಕು. ಸಾಧಾರಣ ಮನೆಯೊಂದರ ನಕ್ಷೆಯಂತೆ ತೋರುವ ಅದರ ಒಳಗೆ ನಡೆಯುವ ಮಾಯೆಯೆಲ್ಲ ಆ ಎಂಜಿನ್ನಿನ ಲಿಪಿಭಾಷೆಯಿಂದಾದುದು. ಡಿಎಸ್‌ಡಿಎ ಡೂಮಿನಂಥ ಎಂಜಿನ್ನುಗಳಲ್ಲಿ ‘ಕಾಂಪ್‌ಲೆವೆಲ್’ ಎಂಬ ಅಂಕಿಯನ್ನು ಕೊಟ್ಟು ಯಾವ ಕಾಲದ ನಡತೆಯನ್ನು ಅನುಸರಿಸಬೇಕೆಂದು ವಿಧಿಸಬಹುದು: 2 ಎಂದರೆ ಡೂಮ್ 2ರ ಹಳೆಯ ನಡತೆ, 9 ಎಂದರೆ ಬೂಮ್, 21 ಎಂದರೆ ಎಂಬಿಎಫ್21. ಲಾಂಚರಿನಲ್ಲಿ ಇದಕ್ಕೆ ಪ್ರತ್ಯೇಕ ಚೌಕವುಂಟು.

ಇಷ್ಟು ನಿಷ್ಠುರತೆ ಏತಕ್ಕೆಂದು ಕೇಳಬಹುದು. ಡೂಮಿನಲ್ಲಿ ಒಬ್ಬನ ಆಟವನ್ನು ಡೆಮೊ ಎಂಬ ಕಡತವಾಗಿ ದಾಖಲಿಸುವ ಪದ್ಧತಿಯಿದೆ. ಅದರಲ್ಲಿರುವುದು ಚಿತ್ರವಲ್ಲ, ಸೆಕೆಂಡಿಗೆ 35 ಸಲ ಆಟಗಾರ ಏನನ್ನು ಒತ್ತಿದನೆಂಬ ಬರಿಯ ವಿವರ. ಆಟದ ಯಾದೃಚ್ಛಿಕತೆಯೂ 256 ಸಂಖ್ಯೆಗಳ ಒಂದು ಸ್ಥಿರ ಕೋಷ್ಟಕದಿಂದಲೇ ಬರುವುದರಿಂದ, ಅದೇ ಎಂಜಿನ್ನಿನ ನಡತೆಯಲ್ಲಿ ಅದೇ ಗುಂಡಿಗಳನ್ನು ಅದೇ ಕ್ಷಣಗಳಲ್ಲಿ ಒತ್ತಿದರೆ ಅದೇ ಕಾಳಗ ಚಾಚೂ ತಪ್ಪದೆ ಮರುಕಳಿಸುತ್ತದೆ. ನಡತೆ ಎಳ್ಳಷ್ಟು ಬೇರೆಯಾದರೆ ಸಾಕು, ದಾಖಲೆಯ ವೀರ ರಾಕ್ಷಸನನ್ನು ಬಿಟ್ಟು ಗೋಡೆಗೆ ಗುಂಡು ಹಾರಿಸುತ್ತ ನಿಂತುಬಿಡುತ್ತಾನೆ. ಮೂವತ್ತು ವರ್ಷದ ಹಿಂದಿನ ಡೆಮೊಗಳು ಇಂದಿಗೂ ಸರಿಯಾಗಿ ನಡೆಯುವುದು ಈ ನಿಷ್ಠುರತೆಯ ಫಲ.

ಆಡುತ್ತಿರುವಾಗ ಉಳಿಸಿಕೊಳ್ಳುವ ಸೇವ್ ಕಡತಗಳ ವಿಷಯದಲ್ಲಿಯೂ ಎಚ್ಚರ ಬೇಕು. ಇಂಥ ಪೂರಕಗಳ ಜೋಡಣೆಯಲ್ಲಿ ಉಳಿಸಿದ ಸೇವ್ ಮತ್ತೊಂದು ಜೋಡಣೆಯಲ್ಲಿ ತೆರೆಯುವುದೇ ಇಲ್ಲ, ತೆರೆದರೂ ಸರಿಯಾಗಿ ನಡೆಯುವುದಿಲ್ಲ. ಆದಕಾರಣ ಒಂದೊಂದು ಜೋಡಣೆಯನ್ನೂ ಪ್ರೀಸೆಟ್ ಆಗಿ ಹೆಸರಿಟ್ಟು ಉಳಿಸಿ, ಅದಕ್ಕೊಂದು ಪ್ರತ್ಯೇಕ ಸೇವ್ ಫೋಲ್ಡರನ್ನು ಲಾಂಚರಿನಲ್ಲಿಯೇ ಸೂಚಿಸಿಬಿಡುವುದು ಜಾಣತನ. ನನ್ನ ಮಟ್ಟಿಗೆ, ಲಾಂಚರಿನಿಂದಾಗುವ ಉಪಕಾರಗಳಲ್ಲಿ ಅತಿ ದೊಡ್ಡದು ಇದು; ಕಡತಗಳನ್ನು ಎಳೆದು ಎಂಜಿನ್ನಿನ ಮೇಲೆ ಬಿಟ್ಟರೂ ಆಟವೇನೋ ನಡೆದೀತು, ಆರು ತಿಂಗಳ ಮೇಲೆ ಅದೇ ಜೋಡಣೆಗೆ ಮರಳುವ ಭಾಗ್ಯ ಮಾತ್ರ ಅದರಿಂದ ದೊರೆಯದು.

ಆಟದಲ್ಲಿ ರಕ್ತಪಾತ ಹೇರಳವಾಗಿದೆ. ನರಕದ ಚಿಹ್ನೆಗಳೂ ಇವೆ. ಎಳೆಯ ಮಕ್ಕಳ ಮುಂದಿಡುವಂಥದಲ್ಲವೆಂಬುದನ್ನು ಹಿರಿಯರು ತಿಳಿದಿರಲಿ. ಉಳಿದಂತೆ ಇದಕ್ಕೆ ಹೊಸ ಕಂಪ್ಯೂಟರು ಬೇಕಿಲ್ಲ. ಹತ್ತು ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಚಾಕೊಲೇಟ್ ಡೂಮ್, ವೂಫ್ ಸಲೀಸಾಗಿ ನಡೆಯುತ್ತವೆ. ಜಿಝಡ್‌ಡೂಮಿಗೆ ಮಾತ್ರ ಒಂದಿಷ್ಟು ಒಳ್ಳೆಯ ಗ್ರಾಫಿಕ್ಸ್ ಇರಬೇಕು. ಮೊದಲ ಸಂಜೆಗೆ ವೂಫ್ ಅಥವಾ ಕ್ರಿಸ್ಪಿ ಡೂಮನ್ನೂ ಫ್ರೀಡೂಮಿನ ಮೊದಲ ಭಾಗವನ್ನೂ ಇಳಿಸಿಕೊಂಡು, ಪೂರಕಗಳ ಪಟ್ಟಿಯನ್ನು ಖಾಲಿ ಬಿಟ್ಟು ಆರಂಭಿಸಿ ನೋಡಿ. ಒಂದು ಪೈಸೆಯ ಖರ್ಚಿಲ್ಲ. ಹಿಡಿಸಿದರೆ ಮೂಲ ಆಟವನ್ನು ಕೊಂಡು ಅದೇ ಲಾಂಚರಿನಲ್ಲಿ ಐವ್ಯಾಡಿನ ಚೌಕವೊಂದನ್ನು ಬದಲಿಸಿದರಾಯಿತು.